ಉದ್ಯಮ್ ಪತ್ರದಿಂದ ಹೆಸರು ನಿಮ್ಮದಾಗುವುದಿಲ್ಲ: ನನ್ನದೇ ಸಂದೇಶಕ್ಕೆ ಸ್ಪಷ್ಟನೆ

‘ಉದ್ಯಮ್ ನೋಂದಣಿ ಮಾಡಿಸಿದರೆ ನಿಮ್ಮ ಉಪ್ಪಿನಕಾಯಿಯ ಹೆಸರನ್ನು ಬೇರೆಯವರು ಬಳಸುವಂತಿಲ್ಲ’ ಎಂಬ ಸಂದೇಶ ಸಾಗರ, ಹೊಸನಗರದ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಅದನ್ನು ಮೊದಲು ಬರೆದವಳು ನಾನೇ. ಅದು ತಪ್ಪು.

ಉದ್ಯಮ್ ಎನ್ನುವುದು ಕಿರು, ಸಣ್ಣ ಉದ್ದಿಮೆಗೆ ಕೇಂದ್ರ ಸರ್ಕಾರ ಕೊಡುವ ಗುರುತು. ಸಾಲ, ಸಬ್ಸಿಡಿಗೆ ನೆರವಾಗುತ್ತದೆ, ಹೆಸರಿಗೆ ಕಾವಲು ನಿಲ್ಲುವುದಿಲ್ಲ. ಅದು ಪೂರ್ತಿ ಉಚಿತ. ಶುಲ್ಕವೆಂದು ಯಾರಾದರೂ ಕೇಳಿದರೆ ಕೊಡಬೇಡಿ.

ಹೆಸರಿಗೆ ರಕ್ಷಣೆ ಬೇಕಿದ್ದರೆ ಅದನ್ನು 1999ರ ಟ್ರೇಡ್‌ಮಾರ್ಕ್ (ಸರಕನ್ನು ಗುರುತಿಸುವ ಹೆಸರು ಅಥವಾ ಚಿಹ್ನೆ) ಕಾಯ್ದೆಯಡಿ ನೋಂದಾಯಿಸುವುದೇ ಗಟ್ಟಿ ದಾರಿ. ವ್ಯಕ್ತಿಯೊಬ್ಬರು ಆನ್‌ಲೈನ್‌ನಲ್ಲಿ ಸಲ್ಲಿಸಿದರೆ ಒಂದು ವರ್ಗದ ಸರಕಿಗೆ ಸರ್ಕಾರಿ ಶುಲ್ಕ 4,500 ರೂಪಾಯಿ. ನೋಂದಣಿ 10 ವರ್ಷ ಇರುತ್ತದೆ, ಆಮೇಲೆ ನವೀಕರಿಸಬಹುದು. ಅದೇ ಹೆಸರು ಈಗಾಗಲೇ ಯಾರದ್ದಾದರೂ ಆಗಿದೆಯೇ ಎಂದು ಟ್ರೇಡ್‌ಮಾರ್ಕ್ ಇಲಾಖೆಯ ಜಾಲತಾಣದಲ್ಲಿ ಮೊದಲೇ ಹುಡುಕಿ. ‘ಅಪ್ಪೆಮಿಡಿ’ ಎಂಬ ಬರಿಯ ಪದವನ್ನು ಮಾತ್ರ ಸ್ವಂತದ್ದು ಮಾಡಿಕೊಳ್ಳಲು ಹೊರಡಬೇಡಿ. ಅದು ಭೌಗೋಳಿಕ ಗುರುತು, ಅಂದರೆ ಒಂದು ಪ್ರದೇಶದ್ದೇ ಎಂಬ ಕಾನೂನಿನ ಮಾನ್ಯತೆ, ಪಡೆದ ಮಲೆನಾಡಿನ ಮಾವು, ಒಬ್ಬರ ಮನೆಯ ಸೊತ್ತಲ್ಲ.

ಇನ್ನೊಂದು: ಹೆಸರು ನೋಂದಣಿಯಾಗಿದೆ ಎಂದು ಸಾರುವ, ವೃತ್ತದೊಳಗೆ ಇಂಗ್ಲಿಷ್‌ನ ಆರ್ ಅಕ್ಷರವಿರುವ ಗುರುತನ್ನು ನೋಂದಣಿ ಆಗುವ ಮುನ್ನ ಹಾಕುವುದು ಅಪರಾಧ. ಟಿಎಂ (ಟ್ರೇಡ್‌ಮಾರ್ಕ್) ಎಂದು ಹಾಕಬಹುದು. ನಾನು ಮುದ್ರಿಸಿಟ್ಟ ಲೇಬಲ್‌ಗಳ ಮೇಲಿನ ಆ ವೃತ್ತವನ್ನು ನಿನ್ನೆ ರಾತ್ರಿಯಿಂದ ಕಪ್ಪು ಪೆನ್ನಿನಲ್ಲಿ ಒಂದೊಂದಾಗಿ ಅಳಿಸುತ್ತಿದ್ದೇನೆ. ಮಳೆಗಾಲದ ತೇವಕ್ಕೆ ಮಸಿ ಬೇಗ ಒಣಗುವುದೂ ಇಲ್ಲ.

ತಿನಿಸು ಮಾರುವವರಿಗೆ, ಅಡುಗೆಮನೆ ಸ್ವಂತದ್ದಾದರೂ, ಆಹಾರ ಸುರಕ್ಷತಾ ನೋಂದಣಿ ಬೇರೆಯೇ ಬೇಕು.

ಹಳೆಯ ಸಂದೇಶವನ್ನು ದಯವಿಟ್ಟು ಮುಂದಕ್ಕೆ ಕಳುಹಿಸಬೇಡಿ. ಈಗಾಗಲೇ ಕಳುಹಿಸಿದ್ದರೆ, ಅದೇ ಗುಂಪಿಗೆ ಇದನ್ನೂ ಹಾಕಿ.