ವುಡ್‌ಕಾಕ್ ಅಂದ್ರೆ ಕಾಡುಕೋಳಿ ಅಲ್ಲ ಮಾರಾಯ್ರೇ

ಬೆಳಗ್ಗೆ ಬೆಳಗ್ಗೆ ಒಂದು ವಿಡಿಯೋ ನೋಡಿ ತಲೆ ಕೆಟ್ಟಿದೆ. ಅಮೆರಿಕದ ಮಿಷಿಗನ್ ಕಾಡಲ್ಲಿ ವುಡ್‌ಕಾಕ್ ಬೇಟೆ, ಕನ್ನಡದಲ್ಲಿ ವಿವರಣೆ. ಮೊದಲ ಮಾತೇ 'ಕಾಡುಕೋಳಿ'! ಕೋಳಿಗೂ ಅದಕ್ಕೂ ಏನೇನೂ ಸಂಬಂಧ ಇಲ್ಲ ಸ್ವಾಮಿ. ಅದು ನಮ್ಮ ಗದ್ದೆಗಳಲ್ಲಿ ಕಾಣೋ ಸ್ನೈಪ್ ಹಕ್ಕಿಯ ದಾಯಾದಿ. ಉದ್ದ ಕೊಕ್ಕನ್ನ ಹಸಿಮಣ್ಣಿಗೆ ಇಳಿಸಿ, ತುದಿಯನ್ನಷ್ಟೇ ತೆರೆದು ಎರೆಹುಳ ಎಳೆಯುತ್ತೆ. ತೂಕ 200 ಗ್ರಾಂ ಆಸುಪಾಸು.

ಹೆಸರು ಹಾಳಾಗಲಿ. ಸಿಟ್ಟು ಬಂದಿದ್ದು 'ಅಂಕುಡೊಂಕಾಗಿ ಹಾರುತ್ತೆ, ಎದ್ದ ತಕ್ಷಣ ಹೊಡೀಬೇಕು' ಅನ್ನೋ ಉಪದೇಶಕ್ಕೆ. ಅಂಕುಡೊಂಕಿಗೆ ಹೆಸರಾದದ್ದು ಸ್ನೈಪ್. ವುಡ್‌ಕಾಕ್ ಆಲ್ಡರ್ ಪೊದೆಯೊಳಗಿಂದ ಹೆಚ್ಚುಕಡಿಮೆ ನೆಟ್ಟಗೆ ಮೇಲೇಳುತ್ತೆ, ವಾಲಾಡೋದು ಕೊಂಬೆ ತಪ್ಪಿಸೋಕೆ. ಪೊದೆಯ ತುದಿ ದಾಟಿ ಅಡ್ಡಕ್ಕೆ ತಿರುಗುವಾಗ ಅರೆಕ್ಷಣ ನಿಂತ ಹಾಗೆ ಕಾಣುತ್ತೆ. ಗುರಿ ಅಲ್ಲಿ!

ಏಳುವಾಗ ಕೇಳೋ ಚಿರ್ರ್ ಸದ್ದು ಕೂಗಲ್ಲ, ಪ್ರತಿ ರೆಕ್ಕೆಯ ಹೊರಗಿನ 3 ಸಪೂರ ಗರಿಗಳಲ್ಲಿ ಗಾಳಿ ನುಗ್ಗೋ ಸದ್ದು. ಅದಕ್ಕೆ ಬೆಚ್ಚಿಯೇ ಜನ ಕೋವಿಯ ಕುದುರೆ (ಟ್ರಿಗರ್) ಎಳೆದುಬಿಡೋದು. 8–10 ಗಜದಲ್ಲಿ ಚರೆ (ತೋಟಾದೊಳಗಿನ ಸಣ್ಣ ಗುಂಡುಗಳು) ಹರಡೋಕೆ ಪುರಸೊತ್ತೆಲ್ಲಿ? ಒಂದೋ ಪೂರ್ತಿ ತಪ್ಪುತ್ತೆ, ಇಲ್ಲಾ ಹಕ್ಕಿ ಚಿಂದಿ. ಹಕ್ಕಿಯನ್ನ 15–20 ಗಜ ದೂರ ಹೋಗೋಕೆ ಬಿಡಿ. ಸಿಲಿಂಡರ್ ಅಥವಾ ಸ್ಕೀಟ್ ಚೋಕ್ (ನಳಿಗೆಯ ತುದಿ ಅಗಲ ಇದ್ದು ಚರೆ ಬೇಗ ಹರಡುತ್ತೆ), 8 ಇಲ್ಲವೇ 9ನೇ ನಂಬರಿನ ಸಣ್ಣ ಚರೆ ಧಾರಾಳ ಸಾಕು. ವಿಡಿಯೋದವ ಚರೆಯನ್ನ ಒತ್ತಾಗಿ ಕಳಿಸೋ ಬಿಗಿ ಫುಲ್ ಚೋಕ್ ಹಾಕಿ 'ಪವರ್' ಅಂತಾನೆ. ಕಾಡುಹಂದಿಗೆ ಹೊರಟಿದಾನೋ ಏನೋ.

'ಎಲೆ ಇನ್ನೂ ಉದುರದ ದಿನಗಳಲ್ಲಿ ಹಾಗೆ ದೂರ ಹೋಗಲಿ ಅಂತ ಕಾದರೆ ಹಕ್ಕಿ ಕಾಣೋದೇ ಇಲ್ಲವಲ್ಲ' ಅಂತೀರಿ. ಹೌದು, ಕಾಣಲ್ಲ. ಕಾಣದಿದ್ರೆ ಹೊಡೀಬೇಡಿ! ಎಲೆಯ ಆ ಕಡೆ ಇರೋದು ನಿಮ್ಮದೇ ನಾಯಿ ಇರಬಹುದು. ಬಹಳ ಸಲ ಹಕ್ಕಿ ಸ್ವಲ್ಪ ದೂರದಲ್ಲೇ ಮತ್ತೆ ಇಳಿಯುತ್ತೆ, ಇನ್ನೊಮ್ಮೆ ಎಬ್ಬಿಸಿ. ಅಷ್ಟು ಅವಸರ ಯಾಕೆ, ಅಲ್ಲಿ ಒಬ್ಬರು ದಿನಕ್ಕೆ 3ಕ್ಕಿಂತ ಹೆಚ್ಚು ಹೊಡೆಯೋ ಹಾಗೂ ಇಲ್ಲ. (ನನಗೂ ತಾಳ್ಮೆ ಕಮ್ಮಿ, ನಿಮಗೆಲ್ಲ ಗೊತ್ತೇ ಇದೆ. ಆದ್ರೆ ನನ್ನ ಕೈಲಿರೋದು ಫೋನು, ಕೋವಿ ಅಲ್ಲ.)

ಎಲೆ ಮೇಲೆ ಸುಣ್ಣ ಚೆಲ್ಲಿದಂಥ ಹಿಕ್ಕೆ ಕಂಡ್ರೆ ಹಕ್ಕಿ ಅಲ್ಲೇ ಇದೆ ಅಂತಾನೂ ಹೇಳಿದಾನೆ. ಹಸಿ ಇದ್ರೆ ಸರಿ. ಒಣಗಿದ್ರೆ? ವಲಸೆ ಹೋಗೋದು ರಾತ್ರಿ, ನಿನ್ನೆಯೇ ದಕ್ಷಿಣಕ್ಕೆ ಹಾರಿರಬಹುದು. ಇನ್ನು 'ಮುಸ್ಸಂಜೆ ಗದ್ದೆಗೆ ಇಳಿಯುವಾಗ ಸುಲಭ' ಅನ್ನೋದಂತೂ ಶುದ್ಧ ಅಪರಾಧ ಕಣ್ರೀ, ಅಲ್ಲಿ ಸೂರ್ಯ ಮುಳುಗಿದ ಮೇಲೆ ಹೊಡೆಯೋದೇ ಕಾನೂನುಬಾಹಿರ.

ಕೊನೆಗೆ 'ನಮ್ಮ ಕೊಡಗಿನಲ್ಲೂ ಟ್ರೈ ಮಾಡಬಹುದು' ಅಂತ ಬೇರೆ! ಚಳಿಗಾಲಕ್ಕೆ ಪಶ್ಚಿಮಘಟ್ಟಕ್ಕೆ ಬರೋದು ಅದರ ಯುರೇಷಿಯಾದ ಬಳಗ, ಬೇರೆ ಪ್ರಭೇದ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಹೊಡೆದ್ರೆ ಕೇಸು. ಕೊಡವರಿಗೆ ವಿನಾಯಿತಿ ಇರೋದು ಕೋವಿ ಲೈಸೆನ್ಸಿಗೆ, ಬೇಟೆಗಲ್ಲ.