ಅಡಿಕೆಗೆ ಸೆಮಿಸ್ಟರ್ ಗೊತ್ತಿಲ್ಲ

ಫೆಬ್ರವರಿ ಬಂತೆಂದರೆ ನಮ್ಮ ವರ್ಕ್‌ಶಾಪಿಗೆ ಎಂಜಿನಿಯರಿಂಗ್ ಹುಡುಗರು ಬರಲು ಶುರು. ಶಿವಮೊಗ್ಗದಲ್ಲಿ ಲೇತ್ ಇಟ್ಟುಕೊಂಡವರಿಗೆಲ್ಲ ಇದು ಗೊತ್ತಿರುವ ಸೀಸನ್. "ಅಣ್ಣ, ಒಂದು ಶಾಫ್ಟ್ ಟರ್ನಿಂಗ್ ಮಾಡಿಕೊಡಿ, ಇದೇ ವಾರ ಬೇಕು" ಅನ್ನುತ್ತಾರೆ. ಕೈಯಲ್ಲಿ ಡ್ರಾಯಿಂಗ್ ಇರುತ್ತದೆ, ಅದರಲ್ಲಿ ಅರ್ಧ ಅಳತೆ ಇರುವುದಿಲ್ಲ. ಬೈದುಕೊಂಡೇ ಮಾಡಿಕೊಡುತ್ತೇನೆ. ಡಿಪ್ಲೊಮಾ ಓದುವಾಗ ನಾನೂ ಹೀಗೇ ಯಾರದೋ ಲೇತ್ ಮುಂದೆ ಕೈಕಟ್ಟಿ ನಿಂತವನೇ ಅಲ್ವಾ?

ಕೆಲವು ವರ್ಷಗಳ ಹಿಂದೆ ನಾಲ್ಕು ಹುಡುಗರು ಅಡಿಕೆ ಸುಲಿಯುವ ಯಂತ್ರ ಮಾಡುತ್ತೇವೆ ಅಂತ ಬಂದರು. ಚುರುಕು ಹುಡುಗರು. ರಾತ್ರಿ ಹತ್ತರವರೆಗೂ ಶೆಡ್ಡಿನಲ್ಲೇ ಇರುತ್ತಿದ್ದರು. ಅವರ ಕಾಲೇಜಿಗೂ ಒಂದು ಕಂಪನಿಗೂ ಆಗಷ್ಟೇ ಒಡಂಬಡಿಕೆ ಆಗಿತ್ತು. ಇವರ ಪ್ರಾಜೆಕ್ಟ್ ಅದರಡಿಯಲ್ಲೇ ಇತ್ತಂತೆ. ಕಂಪನಿಯವರು ಒಂದು ಸಲವೂ ಬಂದು ನೋಡಲಿಲ್ಲ, ಅದು ಬೇರೆ ಮಾತು.

ಮೇ ತಿಂಗಳಲ್ಲಿ ಯಂತ್ರ ಓಡಿತು. ಆದರೆ ಮೇನಲ್ಲಿ ಹಸಿ ಅಡಿಕೆ ಎಲ್ಲಿಂದ ತರುವುದು? ಹೊಸನಗರದ ಹತ್ತಿರ ನಮ್ಮ ಭಾವನ ಮನೆಯಿಂದ ಒಂದು ಚೀಲ ಸಿಪ್ಪೆಗೋಟು ತಂದೆವು. ಸಿಪ್ಪೆಯ ಸಮೇತ ಒಣಗಿಸಿಟ್ಟ ಅಡಿಕೆ. ಒಣಸಿಪ್ಪೆ ಬ್ಲೇಡಿಗೆ ಸಿಕ್ಕ ಕೂಡಲೇ ಬಿಟ್ಟುಕೊಂಡಿತು. ಪ್ರದರ್ಶನದಲ್ಲಿ ಮೊದಲ ಬಹುಮಾನ. ಪೇಪರಿನಲ್ಲಿ ಫೋಟೊ. ನನಗೂ ಒಂದು ಶಾಲು ಹಾಕಿದರು, ಸುಳ್ಳು ಯಾಕೆ ಹೇಳಲಿ, ಖುಷಿಯಾಯಿತು.

ಅಕ್ಟೋಬರ್‌ನಲ್ಲಿ ಅದೇ ಯಂತ್ರವನ್ನು ಭಾವನ ಮನೆಗೆ ಸಾಗಿಸಿದೆ. ಆಗಷ್ಟೇ ಕೊಯ್ದ ಹಸಿರು ಅಡಿಕೆ. ಕಾಲು ಗಂಟೆ ಆಗಿರಲಿಲ್ಲ, ಒದ್ದೆ ನಾರು ಶಾಫ್ಟಿಗೆ ಹಗ್ಗದ ಹಾಗೆ ಸುತ್ತಿಕೊಂಡಿತು. ಬೆಲ್ಟ್ ಸುಟ್ಟ ವಾಸನೆ. ಹೊರಗೆ ಬಂದ ಅಡಿಕೆಯಲ್ಲಿ ಎಷ್ಟಕ್ಕೋ ಬ್ಲೇಡಿನ ಗಾಯ, ಅಂಥದ್ದಕ್ಕೆ ಮಂಡಿಯಲ್ಲಿ ರೇಟು ಸಿಗುವುದಿಲ್ಲ. ಜೊತೆಗೆ ಕಪ್ಪು ಕಲೆ ಬೇರೆ. ಅಡಿಕೆಯ ಒಗರಿಗೆ ಕಬ್ಬಿಣ ತಾಗಿದರೆ ಕಪ್ಪಾಗುತ್ತದೆ. ನಾವು ಹಾಕಿದ್ದು ಎಂ.ಎಸ್., ಅಂದರೆ ಮಾಮೂಲಿ ಕಬ್ಬಿಣದ ಶೀಟು. ಸ್ಟೇನ್‌ಲೆಸ್ ಸ್ಟೀಲು ಹಾಕಬೇಕಿತ್ತು. ಆ ಮಾತು ಅಂಗಳದಲ್ಲಿ ಮೆಟ್ಟುಗತ್ತಿ ಇಟ್ಟುಕೊಂಡು ಸುಲಿಯುತ್ತಿದ್ದ ಹೆಂಗಸರಿಗೆ ಗೊತ್ತಿತ್ತು. ನಮ್ಮ ಐದು ಜನರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಭಾವ ಪಾಪ ನಗಲಿಲ್ಲ. "ಯಂತ್ರ ಚೆನ್ನಾಗಿದೆ ಮಾರಾಯ, ಆದ್ರೆ ಇದಕ್ಕೆ ಯಾರೂ ಹಸಿ ಅಡಿಕೆ ತೋರಿಸಿಲ್ಲ" ಅಂದ.

ಸರಿ, ತಪ್ಪು ಗೊತ್ತಾಯಿತಲ್ಲ, ತಿದ್ದೋಣ ಅಂತ ಹುಡುಗರಿಗೆ ಫೋನ್ ಮಾಡಿದೆ. ನಾಲ್ವರೂ ಬೆಂಗಳೂರಲ್ಲಿ. "ಮೀಟಿಂಗ್‌ನಲ್ಲಿದ್ದೀನಿ ಅಣ್ಣ, ಆಮೇಲೆ ಮಾಡ್ತೀನಿ" ಅಂದ ಒಬ್ಬ. ಕಾಲೇಜಿಗೆ ಹೋದರೆ ಮೇಷ್ಟ್ರಿಗೆ ಹೊಸ ಬ್ಯಾಚು, ಹೊಸ ಟಾಪಿಕ್ಕು. ಅವರನ್ನೂ ನಾನು ದೂರುವುದಿಲ್ಲ. ಹಳೇ ಪ್ರಾಜೆಕ್ಟನ್ನೇ ಮತ್ತೆ ಹಿಡಿದರೆ "ಇದರಲ್ಲಿ ಹೊಸದೇನಿದೆ?" ಅಂತ ಕೇಳುತ್ತಾರಂತೆ.

ಕಾಲೇಜು ಮತ್ತು ಉದ್ಯಮ ಕೈಜೋಡಿಸಬೇಕು ಅನ್ನುವ ಭಾಷಣ ಕೇಳಿದಾಗಲೆಲ್ಲ ನನಗೆ ಆ ಶಾಫ್ಟಿನ ನಾರು ನೆನಪಾಗುತ್ತದೆ. ನಮ್ಮ ಹುಡುಗರಿಗೆ ಬುದ್ಧಿ ಕಮ್ಮಿಯಿಲ್ಲ, ದುಡ್ಡೂ ಹೇಗೋ ಹುಟ್ಟುತ್ತದೆ. ಹೊಂದದೇ ಇರುವುದು ಕ್ಯಾಲೆಂಡರ್. ಪ್ರಾಜೆಕ್ಟ್ ಮುಗಿಯುವುದು ಮಳೆಗಾಲಕ್ಕೆ ಮೊದಲು, ಕೊಯ್ಲು ಶುರುವಾಗುವುದು ಮಳೆ ಹಿಂದೆ ಸರಿದ ಮೇಲೆ. ಮಧ್ಯದಲ್ಲಿ ಹುಡುಗರು ಪಾಸಾಗಿ ಹೋಗಿರುತ್ತಾರೆ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಡ್ರೋನ್ ಮಾಡಿದವರದ್ದೂ ಇದೇ ಕಥೆ ಆಗಬಹುದು. ಬಿಸಿಲಲ್ಲಿ ಕಾಲೇಜು ಮೈದಾನದ ಮೇಲೆ ಹಾರಿಸುವುದೇ ಬೇರೆ, ಜುಲೈನಲ್ಲಿ ಮಂಜು ಕವಿದ ತೋಟದೊಳಗೆ ಗೊನೆ ಹುಡುಕುವುದೇ ಬೇರೆ.

ಒಡಂಬಡಿಕೆಗಳಿಗೆ ಬರಗಾಲವಿಲ್ಲ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್‌ನವರಿಗೆ ಎಷ್ಟು ಒಡಂಬಡಿಕೆ ಇದೆ ಅಂತ ಲೆಕ್ಕ ಕೊಡಬೇಕು, ಅದಕ್ಕೆ ಅಂಕ ಇದೆ. ಪೇಟೆಂಟಿಗೂ ಅಷ್ಟೇ. 2021ರಲ್ಲಿ ಶಿಕ್ಷಣ ಸಂಸ್ಥೆಗಳಿಗೆ ಪೇಟೆಂಟ್ ಶುಲ್ಕವನ್ನು ಶೇ. 80ರಷ್ಟು ಇಳಿಸಿದರು. ಒಳ್ಳೆಯದೇ. ಆದರೆ ಹಸಿ ಅಡಿಕೆ ಮುಟ್ಟದ ಯಂತ್ರಕ್ಕೂ ಪೇಟೆಂಟ್ ಸಿಕ್ಕರೆ ಅದು 20 ವರ್ಷ ಗೋಡೆಯ ಮೇಲೆ ಇರುತ್ತದೆ.

ಇದು ಆಗದ ಕೆಲಸ ಅಂತಲ್ಲ. 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕೆ ಅಂತಲೇ 'ಅಸ್ತ್ರ' ಎಂಬ ಒಂದು ಕೇಂದ್ರ ಶುರುಮಾಡಿದರು. ಸೌದೆ ಉಳಿಸುವ ಅಸ್ತ್ರ ಒಲೆಯ ಹೆಸರು ನಮ್ಮ ಅಮ್ಮಂದಿರಿಗೆಲ್ಲ ಗೊತ್ತು. ಅವರು ಬೆಂಗಳೂರಿನ ಲ್ಯಾಬಲ್ಲೇ ಕೂರಲಿಲ್ಲ. ತುಮಕೂರು ಜಿಲ್ಲೆಯ ಉಂಗ್ರ ಎಂಬ ಹಳ್ಳಿಯಲ್ಲಿ ಒಂದು ಕೇಂದ್ರವನ್ನೇ ತೆರೆದು ಅಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದರು. ಇಲ್ಲೇ ಪಕ್ಕದ ಭದ್ರಾವತಿ ನೋಡಿ. ವಿಶ್ವೇಶ್ವರಯ್ಯನವರ ಕಾಲದಲ್ಲಿ 1917ರಲ್ಲಿ ಬೆಂಗಳೂರಲ್ಲಿ ಎಂಜಿನಿಯರಿಂಗ್ ಕಾಲೇಜು ಬಂತು, 1923ರಲ್ಲಿ ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆ ಕೆಲಸ ಶುರುಮಾಡಿತು. ಎರಡರ ಹಿಂದೆಯೂ ಇದ್ದದ್ದು ಅದೇ ತಲೆ. ಕಾರ್ಖಾನೆಯ ಇವತ್ತಿನ ಪಾಡು ಬರೆಯಲು ಹೋದರೆ ಇನ್ನೊಂದು ಪೋಸ್ಟೇ ಬೇಕು.

ಮಲೆನಾಡಿನ ಸುಲಿಯುವ ಯಂತ್ರಗಳು ಪಳಗಿದ್ದೂ ಹೀಗೆಯೇ. ಸಣ್ಣ ವರ್ಕ್‌ಶಾಪಿನವರು ಈ ವರ್ಷ ಬೈಸಿಕೊಂಡು, ಮುಂದಿನ ಕೊಯ್ಲಿಗೆ ತಿದ್ದಿಕೊಂಡು ಬಂದರು. ಅವರಿಗೆ ಇದ್ದ ಅನುಕೂಲ ಒಂದೇ. ಅವರು ಪಾಸಾಗಿ ಊರು ಬಿಟ್ಟು ಹೋಗಲಿಲ್ಲ.

ಹಾಗಾಗಿ ನನ್ನ ಬೇಡಿಕೆ ಸಣ್ಣದು. ಒಂದು ಯಂತ್ರಕ್ಕೆ ಎರಡು ಕೊಯ್ಲು ಕೊಡಿ. ಕೊನೆ ವರ್ಷದವರ ಜೊತೆ ಮೂರನೇ ವರ್ಷದ ಇಬ್ಬರು ಮೊದಲ ದಿನದಿಂದಲೇ ಇರಲಿ, ಮುಂದಿನ ಬ್ಯಾಚು ಅದನ್ನೇ ಮುಂದುವರಿಸಲಿ, ಅದಕ್ಕೂ ಪೂರ್ತಿ ಅಂಕ ಸಿಗಲಿ. ಯಂತ್ರ ಕೆಟ್ಟರೆ ರಿಪೇರಿ ಖರ್ಚು ಯಾರದ್ದು ಅಂತ ಒಡಂಬಡಿಕೆಯಲ್ಲೇ ಬರೆಯಿರಿ. ಈಗ ಅದು ನನ್ನ ಜೇಬಿನದ್ದು! ಇಂಡಸ್ಟ್ರಿ ಅಂದರೆ ಬೆಂಗಳೂರಿನ ಕಂಪನಿಯೇ ಆಗಬೇಕು ಅನ್ನುವ ಹಟವನ್ನೂ ಬಿಡಿ. ಕಂಪನಿಗಳು ತರಬೇತಿಯ ಸಾಫ್ಟ್‌ವೇರ್ ಮಾರಿ ಅದನ್ನೇ ಸಹಯೋಗ ಅನ್ನುವುದನ್ನು ನೋಡಿದ್ದೇನೆ. 1939ರಿಂದ ಇರುವ ಮಾಮ್ಕೋಸ್‌ನಂಥ ಬೆಳೆಗಾರರದೇ ಸಹಕಾರ ಸಂಘ ನಮ್ಮೂರಲ್ಲಿದೆ. ಯಂತ್ರ ಸರಿಯಿಲ್ಲದಿದ್ದರೆ ಅದರ ಸದಸ್ಯರು ಮುಖದ ಮೇಲೆ ಹೇಳುತ್ತಾರೆ. ಫೌಂಡ್ರಿಗಳಿಗೆ ಈ ಹಂಗಾಮಿನ ತಾಪತ್ರಯವಿಲ್ಲ, ವರ್ಷಪೂರ್ತಿ ಎರಕ ಹೊಯ್ಯುತ್ತಾರೆ. ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದ ಕಡೆಯವರು ತಮ್ಮ ರಿಜೆಕ್ಟ್ ಆದ ಪೀಸುಗಳನ್ನು ಹುಡುಗರಿಗೆ ನಾಚಿಕೆಯಿಲ್ಲದೆ ತೋರಿಸಿದರೆ ಸಾಕು, ಅದರಲ್ಲೇ ಹತ್ತು ಪ್ರಾಜೆಕ್ಟ್ ಇದೆ.

ಆ ಯಂತ್ರ ಇನ್ನೂ ನನ್ನ ಶೆಡ್ಡಿನಲ್ಲೇ ಇದೆ. ಬ್ಲೇಡು ಬದಲಿಸಿದ್ದೇನೆ, ಸ್ಟೀಲ್ ಶೀಟು ಹಾಕಿದ್ದೇನೆ, ನಾರಿನ ಸಮಸ್ಯೆ ಮಾತ್ರ ಬಗೆಹರಿದಿಲ್ಲ. ಯಾವುದಾದರೂ ಕಾಲೇಜಿನ ಮೇಷ್ಟ್ರು ಮೂರನೇ ವರ್ಷದವರನ್ನು ಕಳಿಸುವುದಾದರೆ ಇನ್‌ಬಾಕ್ಸಿಗೆ ಬನ್ನಿ. ಅಕ್ಟೋಬರ್‌ನಲ್ಲಿ ಭಾವನ ಮನೆಯಲ್ಲಿ ಕೊಯ್ಲು, ಊಟ ಅಲ್ಲೇ. ಹುಡುಗರಿಗೆ ಹಳೇ ಬಟ್ಟೆ ಹಾಕಿಕೊಂಡು ಬರಲು ಹೇಳಿ. ಅಡಿಕೆ ಕಲೆ ತೊಳೆದರೆ ಹೋಗುವುದಿಲ್ಲ.