ಮೋರಿಯಲ್ಲಿ ಮೀನು ಹಿಡಿಯುವ ಕೆಲಸ

ಕಾಫಿ ಗಿಡಕ್ಕೆ ಹೂ ಬಿಡಿಸುವ ಬೇಸಿಗೆಯ ಮೊದಲ ಮಳೆಗೆ ನಮ್ಮಲ್ಲಿ ಹೂ ಮಳೆ ಅನ್ನುತ್ತೇವೆ. ಅದು ಬಿದ್ದ ಮಾರನೇ ದಿನ ಚಿಕ್ಕಮಗಳೂರಿನಲ್ಲಿ ಎಲ್ಲರ ಮುಖವೂ ಅರಳಿರುತ್ತದೆ. ನನ್ನ ಹಾರ್ಡ್‌ವೇರ್ ಅಂಗಡಿಗೆ ಬರುವ ತೋಟದವರು ಪೈಪು, ಬೋಲ್ಟು ಕೇಳುವ ಮೊದಲೇ "ನಿಮ್ ಕಡೆ ಎಷ್ಟು ಸೆಂಟು ಬಂತು?" ಅನ್ನುತ್ತಾರೆ. ಸೆಂಟು ಅಂದರೆ ಮಳೆಯ ಅಳತೆ, ಇಂಚಿನ ನೂರರಲ್ಲಿ ಒಂದು ಪಾಲು. ನನಗೆ ಮಾತ್ರ ಆ ಮಳೆ ಬಂದರೆ ಮೋರಿಯದೇ ಚಿಂತೆ.

ಅಂಗಡಿ ಮುಂದೆ ಚಪ್ಪಡಿ ಮುಚ್ಚಿದ ಮೋರಿ ಇದೆ. ಎರಡು ಚಪ್ಪಡಿಗಳ ನಡುವೆ ನಾಲ್ಕು ಬೆರಳಷ್ಟು ಸಂದು. ನಿಜ ಹೇಳಿಬಿಡುತ್ತೇನೆ, ಹದಿನೈದು ವರ್ಷ ನಾನೂ ಬೆಳಿಗ್ಗೆ ಕಸ ಗುಡಿಸಿ ಆ ಸಂದಿಗೇ ತಳ್ಳಿದವನು. ಕಣ್ಣಿಗೆ ಕಾಣಲ್ಲ, ಕೆಲಸ ಮುಗೀತು. ಚಳಿಗಾಲವಿಡೀ ಮೋರಿಯಲ್ಲಿ ನೀರಿನ ಹರಿವೇ ಇರಲ್ಲ, ಕಸ ಅಲ್ಲೇ ಕೂತಿರುತ್ತದೆ. ಹೂ ಮಳೆ ಬಂದ ಅರ್ಧ ಗಂಟೆಯಲ್ಲಿ ನಾಲ್ಕು ತಿಂಗಳ ಕಸ ಒಟ್ಟಿಗೇ ಹೊರಡುತ್ತದೆ. ವರ್ಷದಲ್ಲೇ ಜಾಸ್ತಿ ಕೊಳಕು ನೀರು ಅದು. ಆಷಾಢದ ಜಡಿಮಳೆಯ ನೀರೇ ಎಷ್ಟೋ ವಾಸಿ.

ಈ ನೀರನ್ನು ಎಲ್ಲೋ ಒಂದು ಕಡೆ ಶುದ್ಧ ಮಾಡುತ್ತಾರೆ ಅಂತ ನಾನು ತಿಳಿದಿದ್ದೆ. ಮಳೆನೀರಿನ ಮೋರಿಗೆ ಅಂಥದ್ದೇನೂ ಇಲ್ಲ. ಸಿಕ್ಕ ಕೆರೆಗೋ ಹಳ್ಳಕ್ಕೋ ನೇರ ಇಳಿಯುತ್ತದೆ. ಹಳ್ಳ ಯಗಚಿಗೆ, ಯಗಚಿ ಬೇಲೂರು ದಾಟಿ ಗೊರೂರಿನ ಹತ್ತಿರ ಹೇಮಾವತಿಗೆ, ಅದು ಕಾವೇರಿಗೆ, ಕಾವೇರಿ ಬಂಗಾಳಕೊಲ್ಲಿಗೆ. ಸಮುದ್ರ ದೂರದ ಮಾತು, ಬಿಡಿ. ಬೇಲೂರಿನ ಹತ್ತಿರ ಯಗಚಿಗೆ ಅಣೆಕಟ್ಟು ಇದೆಯಲ್ಲ, ನಮ್ಮೂರಿಗೆ ಕುಡಿಯೋ ನೀರು ಬರುವುದೂ ಅಲ್ಲಿಂದಲೇ. ಮಧ್ಯೆ ಶುದ್ಧ ಮಾಡಿಯೇ ಕೊಡುತ್ತಾರೆ, ಸರಿ. ಆದರೂ ನಾನು ಸಂದಿಗೆ ತಳ್ಳಿದ್ದು ಒಂದು ಸುತ್ತು ಹಾಕಿ ನಮ್ಮನೆ ನಲ್ಲಿ ಕಡೆಗೇ ಹೊರಟಿದೆ ಅಂತ ಹೊಳೆದ ದಿನ ಕಾಫಿ ರುಚಿಸಲಿಲ್ಲ.

ಎರಡು ವರ್ಷದ ಹಿಂದೆ ಅಂಗಡಿಯಲ್ಲಿ ಉಳಿದಿದ್ದ ವೆಲ್ಡ್ ಮೆಶ್, ಅಂದರೆ ಬೆಸುಗೆ ಹಾಕಿದ ತಂತಿ ಜಾಲರಿಯ ತುಂಡನ್ನು ಮೋರಿಗೆ ಅಡ್ಡ ನಿಲ್ಲಿಸಿದೆ. ಅರ್ಧ ಇಂಚಿನ ಕಣ್ಣು, ಮೋರಿಯಷ್ಟೇ ಎತ್ತರ. ನನ್ನ ಬುದ್ಧಿವಂತಿಕೆ ನೋಡಿ! ಮಳೆ ಶುರುವಾಗಿ ಹತ್ತೇ ನಿಮಿಷಕ್ಕೆ ಮೆಶ್ ಕಟ್ಟಿಕೊಂಡಿತು. ನೀರು ಉಕ್ಕಿ ಪಕ್ಕದ ಬೇಕರಿ ಮೆಟ್ಟಿಲು ಹತ್ತಿತು. "ಅಣ್ಣಾ, ಕಸ ಹಾಳಾಗಿ ಹೋಗ್ಲಿ, ನನ್ ಮೈದಾ ಮೂಟೆ ಉಳಿಸಿ" ಅಂತ ಬೇಕರಿಯವರು ಕೂಗಿದರು. ಮಳೆಯಲ್ಲೇ ನೆನೆಯುತ್ತ ಕಿತ್ತೆ.

ದಾರಿ ತೋರಿಸಿದ್ದು ವೆಲ್ಡಿಂಗ್ ಅಂಗಡಿ ಹುಡುಗ. ಜಾಲರಿ ನೆಟ್ಟಗೆ ನಿಲ್ಲಬಾರದಂತೆ, ನೀರು ಹೋಗುವ ದಿಕ್ಕಿಗೆ ಒರಗಿರಬೇಕು. ಆಗ ನೀರಿನ ರಭಸಕ್ಕೆ ಕಸ ಮೇಲಕ್ಕೆ ಜರುಗುತ್ತದೆ, ಕೆಳಗೆ ನೀರಿಗೆ ದಾರಿ ಉಳಿಯುತ್ತದೆ. ಎತ್ತರ ಮೋರಿಯ ಅರ್ಧಕ್ಕೆ ಸಾಕು, ಜೋರು ಮಳೆಗೆ ನೀರು ಮೇಲಿಂದ ಹಾರಿಕೊಂಡು ಹೋಗಲಿ. ಕಣ್ಣು ಒಂದು ಇಂಚು. ಸಣ್ಣ ಪೌಚುಗಳು ಕೆಲವು ನುಸುಳುತ್ತವೆ, ನುಸುಳಲಿ. ಎತ್ತಿ ಕೊಡವಲು ಎರಡು ಹಿಡಿ.

ಮೊದಲ ಮಳೆಗೇ ಇಪ್ಪತ್ತು ಲೀಟರಿನ ಪೇಂಟ್ ಬಕೆಟ್ ತುಂಬಿತು. ಪೇಪರ್ ಲೋಟ, ನೀರಿನ ಬಾಟಲಿ, ಯಾವುದೋ ಮಗುವಿನ ಒಂದು ಚಪ್ಪಲಿ, ನನ್ನದೇ ಅಂಗಡಿಯ ಮೊಳೆ ಕವರ್ ಮೂರು. ಉಳಿದದ್ದೆಲ್ಲ ಗುಟ್ಕಾ ಪೌಚ್. ಗುಟ್ಕಾ, ತಂಬಾಕು, ಪಾನ್ ಮಸಾಲವನ್ನು ಪ್ಲಾಸ್ಟಿಕ್ ಪೌಚಿನಲ್ಲಿ ಮಾರುವಂತಿಲ್ಲ ಅಂತ 2016ರ ಪ್ಲಾಸ್ಟಿಕ್ ತ್ಯಾಜ್ಯ ನಿಯಮದಲ್ಲೇ ಇದೆ. ನನ್ನ ಬಕೆಟ್ಟಿಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ. ಕಸ ಅಂದ ಕೂಡಲೇ ನಾವು ಟೂರಿಸ್ಟರನ್ನು ಬೈಯುತ್ತೇವೆ. ಮುಳ್ಳಯ್ಯನಗಿರಿಯ ವಿಷಯದಲ್ಲಿ ಬೈಯಿರಿ, ನಾನೂ ಸೇರುತ್ತೇನೆ. ಈ ಮೋರಿಯದು ಮಾತ್ರ ನಮ್ಮದೇ ಬಾಯಿಂದ, ನಮ್ಮದೇ ಪೊರಕೆಯಿಂದ ಬಿದ್ದದ್ದು.

ಅಮೆರಿಕದ ಬಾಲ್ಟಿಮೋರ್ ಬಂದರಿನಲ್ಲಿ 2014ರಿಂದ ಒಂದು ದೊಡ್ಡ ಚಕ್ರ ಹೊಳೆ ನೀರಿನ ಬಲದಿಂದ, ಅದು ಸಾಲದಾದಾಗ ಸೌರಶಕ್ತಿಯಿಂದ ತಿರುಗಿ ತೇಲುವ ಕಸ ಎತ್ತುತ್ತಿದೆ. ಅದಕ್ಕೆ ಎರಡು ದೊಡ್ಡ ಕಣ್ಣು ಬೇರೆ ಅಂಟಿಸಿದ್ದಾರೆ, ಮಕ್ಕಳಿಗೆ ಖುಷಿ. ನೋಡೋಕೆ ಚೆಂದ, ನಮ್ಮ ಅಳತೆಗೆ ಅಲ್ಲ. ನನಗೆ ಹಿಡಿಸಿದ್ದು ಆಸ್ಟ್ರೇಲಿಯಾದ ಕ್ವಿನಾನ ಅನ್ನುವ ಊರಿನದ್ದು. ಅಲ್ಲಿ 2018ರಲ್ಲಿ ಮೋರಿ ಪೈಪಿನ ಬಾಯಿಗೆ ಕಾಲುಚೀಲದ ಥರ ಬಲೆ ಕಟ್ಟಿದರು. ಎರಡೇ ಬಲೆಗೆ ಕೆಲವೇ ತಿಂಗಳಲ್ಲಿ 370 ಕೆಜಿ ಕಸ ಬಿತ್ತು. ಕೆರೆಗೆ ಸೇರುವ ಮೋರಿ ಬಾಯಿ ಒಂದು ಊರಲ್ಲಿ ಎಷ್ಟಿದ್ದಾವು? ಎಣಿಸಿಬಿಡಬಹುದು. ಕಸವೆಲ್ಲ ನೀರಿಗೆ ಹರಡಿದ ಮೇಲೆ ದೋಣಿ, ಜೆಸಿಬಿ ಇಳಿಸುವ ಬದಲು ಆ ಬಾಯಿಗಳಿಗೆ ಬಲೆ ಕಟ್ಟುವುದು ಅಗ್ಗ ಅಲ್ವಾ?

ಆದರೆ ಬಲೆ ಕಟ್ಟುವುದು ಸುಲಭ, ಖಾಲಿ ಮಾಡುವವರು ಬೇಕು. ಖಾಲಿ ಮಾಡದ ಬಲೆ ಅಂದರೆ ಬೇಕರಿಗೆ ನೀರು. ಮೋರಿಯ ಹೂಳು ಎತ್ತಿ ಅದರ ಪಕ್ಕದಲ್ಲೇ ರಾಶಿ ಹಾಕುವುದನ್ನು ಎಲ್ಲ ಊರಲ್ಲೂ ನೋಡಿದ್ದೇವೆ. ಒಣಗಲಿ ಅಂತ ಬಿಡುತ್ತಾರೆ. ಒಣಗುವುದರೊಳಗೆ ಮಳೆ ಬರುತ್ತದೆ, ರಾಶಿ ವಾಪಸ್ ಮೋರಿಗೆ. ದುಡಿದವರ ಬೆವರು ದಂಡ. ಎತ್ತಿದ ದಿನವೇ ಟ್ರ್ಯಾಕ್ಟರ್ ಬರಬೇಕು, ಅದೂ ಹೂ ಮಳೆಗೆ ಮುಂಚೆ.

ನಮ್ಮ ಸಾಲಿನಲ್ಲಿ ಈಗ ನಾಲ್ಕು ಅಂಗಡಿಯವರು ಸರದಿ ಹಾಕಿಕೊಂಡಿದ್ದೇವೆ. ಮೊನ್ನೆ ನಾನು ಬಗ್ಗಿ ಜಾಲರಿ ಕೊಡವುತ್ತಿದ್ದಾಗ ಪರಿಚಯದ ತೋಟದವರೊಬ್ಬರು ಜೀಪು ನಿಲ್ಲಿಸಿ, "ಏನ್ರೀ, ಮೀನು ಬಿತ್ತಾ?" ಅಂದರು. ಬಕೆಟ್ ಎತ್ತಿ ತೋರಿಸಿದೆ. ಬಾಯಲ್ಲಿದ್ದದ್ದನ್ನು ಉಗಿಯಲು ಕಿಟಕಿಯಿಂದ ತಲೆ ಹೊರಗೆ ಹಾಕಿದವರು, ಯಾಕೋ ಹಾಗೇ ಒಳಗೆಳೆದುಕೊಂಡು ಗೇರ್ ಹಾಕಿದರು.